ಕೊಡ ಬದಲಿಸಿದರೆ ಸಾಲದು



ಹೊಸ ಮನೆ ಕಟ್ಟಿಸಿದವನು ಮಾಳಿಗೆಯ ಸುತ್ತ ಕೈಗೋಡೆ ಹಾಕಿಸಬೇಕು. ಹಾಕಿಸದೆ ಬಿಟ್ಟು ಯಾರಾದರೂ ಮೇಲಿಂದ ಬಿದ್ದು ಸತ್ತರೆ ಆ ದೋಷ ಮನೆಯ ಮೇಲೆ ಬರುತ್ತದೆ. ಕೇಳಿದರೆ ನಗರಪಾಲಿಕೆಯ ಕಟ್ಟಡ ನಿಯಮದ ಹಾಗಿದೆ. ಆದರೆ ಇದು ಸತ್ಯವೇದದ ಧರ್ಮೋಪದೇಶಕಾಂಡದಲ್ಲಿ, 22ನೆಯ ಅಧ್ಯಾಯದಲ್ಲಿ ಬರುವ ವಿಧಿ. ದಾರಿ ತಪ್ಪಿ ಬಂದ ನೆರೆಯವನ ಎತ್ತನ್ನು ಹಿಂದಕ್ಕೆ ಒಪ್ಪಿಸು, ಗೂಡಿನಲ್ಲಿ ಕೂತ ತಾಯಿಹಕ್ಕಿಯನ್ನು ಹಾರಲು ಬಿಡು ಎಂಬ ಮಾತುಗಳ ಪಕ್ಕದಲ್ಲೇ ಇದೂ ಇದೆ. ಆ ನಾಡಿನಲ್ಲಿ ಜನ ಮಾಳಿಗೆಯ ಮೇಲೆ ಕಾಳು ಒಣಗಿಸುತ್ತಿದ್ದರು, ಸೆಕೆಗೆ ಅಲ್ಲೇ ಮಲಗುತ್ತಿದ್ದರು, ಮಕ್ಕಳು ಅಲ್ಲೇ ಆಡುತ್ತಿದ್ದವು. ಯಾರೂ ಬೀಳುವ ಮೊದಲೇ ಕೈಗೋಡೆ ಏಳಬೇಕು ಎಂಬುದೇ ಈ ವಿಧಿಯ ಹುರುಳು. ಬಿದ್ದವನನ್ನು ಎತ್ತುವುದು ದಯೆ. ಬೀಳದ ಹಾಗೆ ನೋಡಿಕೊಳ್ಳುವುದು ಕರ್ತವ್ಯ.

ಮನೆಯವರ ಆರೋಗ್ಯವನ್ನು ಕೆಡಿಸುವ ಗಾಳಿ, ನೀರು, ಬಣ್ಣ, ಧೂಳುಗಳಿಗೂ ಕ್ರೈಸ್ತ ವಿಶ್ವಾಸಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ದೇವಾಲಯದ ಕೆಲಸ ಪ್ರಾರ್ಥನೆ, ನೀರಿನ ಕೆಲಸ ನೀರು ಸರಬರಾಜು ಮಂಡಳಿಯದು ಎಂಬುದು ಅವರ ಎಣಿಕೆ. ಪವಿತ್ರ ಗ್ರಂಥವನ್ನು ನಿಧಾನವಾಗಿ ಓದಿದವರಿಗೆ ಈ ಪಾಲುಪಟ್ಟಿ ಅಷ್ಟು ಸಲೀಸಾಗಿ ಒಪ್ಪಿಗೆಯಾಗದು.

ಯಾಜಕಕಾಂಡದ 14ನೆಯ ಅಧ್ಯಾಯವನ್ನು ತೆಗೆದುಕೊಳ್ಳಿ. ಮನೆಯ ಗೋಡೆಯಲ್ಲಿ ಹಸಿರು ಅಥವಾ ಕೆಂಪು ಛಾಯೆಯ ಕಲೆ ಕಂಡರೆ ಯಜಮಾನ ಹೋಗಿ ಯಾಜಕನಿಗೆ ತಿಳಿಸಬೇಕು. ಯಾಜಕ ಬರುವ ಮೊದಲು ಮನೆಯ ಸಾಮಾನನ್ನೆಲ್ಲ ಹೊರಗೆ ಇಡಿಸುತ್ತಾನೆ, ಮನೆ ಅಶುದ್ಧವೆಂದು ತೀರ್ಮಾನವಾದರೂ ಒಳಗಿನ ಪಾತ್ರೆ ಪರಡಿ ಉಳಿಯಲಿ ಎಂದು. ಆಮೇಲೆ ಒಳಗೆ ಹೋಗಿ ಕಲೆ ಗೋಡೆಯ ಮೈಯಿಂದ ಒಳಕ್ಕೆ ಇಳಿದಿದೆಯೇ ಎಂದು ನೋಡುತ್ತಾನೆ. ಏಳು ದಿನ ಬೀಗ ಹಾಕಿಸಿ ಮತ್ತೆ ಬಂದು ನೋಡುತ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಿ ಊರ ಹೊರಗೆ ಹಾಕಿಸಬೇಕು, ಒಳಗೋಡೆಯ ಗಾರೆಯನ್ನು ಕೆರೆಸಿ ಅದನ್ನೂ ಹೊರಗೆ ಸುರಿಸಬೇಕು, ಬೇರೆ ಕಲ್ಲು ಇಟ್ಟು ಹೊಸ ಗಾರೆ ಮಾಡಿಸಬೇಕು. ಅಷ್ಟಾದ ಮೇಲೂ ಕಲೆ ಮರಳಿದರೆ ಮನೆಯನ್ನೇ ಕೆಡವಬೇಕು. ಕಲೆ ಮರಳದಿದ್ದರೆ ಮಾತ್ರ ಎರಡು ಹಕ್ಕಿ, ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪಿನ ಕಡ್ಡಿಗಳ ಶುದ್ಧಿ ವಿಧಿ.

ಇದು ವೈದ್ಯಶಾಸ್ತ್ರದ ಪುಸ್ತಕವೇನೂ ಅಲ್ಲ, ಶುದ್ಧ ಅಶುದ್ಧಗಳ ಪುರಾತನ ಕಟ್ಟಳೆ. ಆದರೂ ಅದರ ಅನುಕ್ರಮ ನೋಡಿ. ಮೊದಲು ಪರೀಕ್ಷೆ, ಆಮೇಲೆ ಕಾಯುವಿಕೆ, ಆಮೇಲೆ ದುರಸ್ತಿ, ಕಟ್ಟಕಡೆಗೆ ವಿಧಿ. ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಪಾಸ್ಕ ಹಬ್ಬದ ನಂತರ ಗುರುಗಳು ಬಂದು ಕೋಣೆಕೋಣೆಗೂ ಪವಿತ್ರ ಜಲ ಚಿಮುಕಿಸಿ ಮನೆಯನ್ನು ಆಶೀರ್ವದಿಸುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ. ಆದರೆ ಯಾಜಕಕಾಂಡದ ಯಾಜಕನಾಗಿದ್ದರೆ ಜಲ ಚಿಮುಕಿಸುವ ಮೊದಲು ಗೋಡೆ ನೋಡುತ್ತಿದ್ದ.

ಇನ್ನೊಂದು ಪ್ರಸಂಗ ಅರಸುಗಳ ಎರಡನೆಯ ಪುಸ್ತಕದಲ್ಲಿದೆ. ಯೆರಿಕೋ ಪಟ್ಟಣದ ಜನ ಪ್ರವಾದಿ ಎಲೀಷನ ಬಳಿಗೆ ಬಂದು, ಊರೇನೋ ಚೆನ್ನಾಗಿದೆ, ನೀರು ಮಾತ್ರ ಕೆಟ್ಟದ್ದು, ನೆಲ ಫಲ ಹಿಡಿಯದು ಎಂದು ದೂರುತ್ತಾರೆ. ಎಲೀಷ ಅವರ ಕೊಡಗಳನ್ನು ತರಿಸಲಿಲ್ಲ. ಹೊಸ ಪಾತ್ರೆಯಲ್ಲಿ ಉಪ್ಪು ತರಿಸಿಕೊಂಡು ನೀರು ಹುಟ್ಟುವ ಬುಗ್ಗೆಯ ಬಳಿಗೇ ಹೋಗಿ ಅದರೊಳಗೆ ಹಾಕಿದ. ಇದು ಪವಾಡದ ಕಥೆ, ನಿಜ. ಪವಾಡ ನಡೆದ ಸ್ಥಳವನ್ನೂ ಗಮನಿಸಬೇಕು. ಅದು ನಡೆದದ್ದು ಊರಿಗೆಲ್ಲ ನೀರು ಹರಿದುಬರುವ ಮೂಲದಲ್ಲಿ.

ಈ ಮೂಲಕ್ಕೆ ಹೋಗುವ ಮಾತು ನಮ್ಮ ಕಾಲದಲ್ಲಿ ಹೇಗೆ ನಿಜವಾಯಿತು ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಸಾಕ್ಷಿ. 1908ರಲ್ಲಿ ಜನರಲ್ ಮೋಟರ್ಸ್ ಕಂಪನಿ ಹುಟ್ಟಿದ ಊರು ಅದು. ಒಂದು ಕಾಲಕ್ಕೆ ಕಾರು ಕಾರ್ಖಾನೆಗಳ ಕೂಲಿಯಿಂದ ಕಳೆಕಳೆಯಾಗಿದ್ದ ನಗರ ಕಾರ್ಖಾನೆಗಳು ಮುಚ್ಚಿದಂತೆ ಬಡವಾಯಿತು. ಸುಮಾರು ಒಂದು ಲಕ್ಷ ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು. ನಗರದ ಖಜಾನೆ ಬರಿದಾದಾಗ ರಾಜ್ಯ ಸರ್ಕಾರ ಅಲ್ಲಿಗೆ ತುರ್ತು ಆಡಳಿತಾಧಿಕಾರಿಯನ್ನು ನೇಮಿಸಿತು. ಖರ್ಚು ಉಳಿಸಲು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ಸರೋವರದ ನೀರನ್ನು ನಿಲ್ಲಿಸಿ ಫ್ಲಿಂಟ್ ನದಿಯ ನೀರನ್ನು ನಲ್ಲಿಗಳಿಗೆ ಬಿಟ್ಟರು.

ನದಿಯ ನೀರಿನಲ್ಲಿ ಸೀಸ ಇರಲಿಲ್ಲ. ಸೀಸ ಇದ್ದದ್ದು ಬೀದಿಯಿಂದ ಮನೆಗೆ ಹೋಗುವ ಹಳೆಯ ಕೊಳವೆಗಳಲ್ಲಿ. ಡೆಟ್ರಾಯಿಟ್‌ನ ನೀರಿಗೆ ಫಾಸ್ಫೇಟ್ ಬೆರೆಸುತ್ತಿದ್ದರು. ಅದು ಕೊಳವೆಯ ಒಳಮೈಗೆ ಪೊರೆ ಕಟ್ಟಿ ಸೀಸ ನೀರಿಗೆ ಇಳಿಯದಂತೆ ತಡೆಯುತ್ತಿತ್ತು. ನದಿಯ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಲೋಹವನ್ನು ತಿನ್ನುವ ಗುಣ ಹೆಚ್ಚು. ಅದಕ್ಕೆ ಬೆರೆಸಲೇಬೇಕಾದ ರಕ್ಷಕ ರಾಸಾಯನಿಕವನ್ನು ಬೆರೆಸಲೇ ಇಲ್ಲ. ಪೊರೆ ಕಳಚಿತು, ಸೀಸ ಲೋಟಕ್ಕೆ ಬಂತು. ಕಂದು ಬಣ್ಣದ ನೀರನ್ನು ಬಾಟಲಿಯಲ್ಲಿ ಹಿಡಿದು ತಾಯಂದಿರು ಸಭೆ ಸಭೆಗೆ ಹೋದರು. ನೀರು ಸುರಕ್ಷಿತ ಎಂಬ ಉತ್ತರವೇ ಬರುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಊರಿನ ಕಾರು ಎಂಜಿನ್ ಕಾರ್ಖಾನೆ ಈ ನೀರಿನಿಂದ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಬೇರೆ ನೀರಿನ ಸಂಪರ್ಕ ಪಡೆದುಕೊಂಡಿತು. ಎಂಜಿನ್ನಿಗೆ ಆಗದ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು.

2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಷಾ ತಮ್ಮ ಆಸ್ಪತ್ರೆಯ ದಾಖಲೆಗಳನ್ನು ಜೋಡಿಸಿ, ರಕ್ತದಲ್ಲಿ ಸೀಸ ಹೆಚ್ಚಿರುವ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ನೀರು ಬದಲಾದ ಮೇಲೆ ಸುಮಾರು ಇಮ್ಮಡಿಯಾಗಿದೆ ಎಂದು ತೋರಿಸಿದರು. ಅಧಿಕಾರಿಗಳು ಮೊದಲು ಅಲ್ಲಗಳೆದರು, ಕೆಲವೇ ದಿನಗಳಲ್ಲಿ ಒಪ್ಪಿಕೊಂಡರು. ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್‌ನ ನೀರು ಮರಳಿತು. ಆದರೆ ಕೆಟ್ಟ ಕೊಳವೆಗಳು ನೆಲದೊಳಗೆ ಹಾಗೆಯೇ ಇದ್ದವು.

ಈಗ ಕ್ರೈಸ್ತ ಸಭೆಗಳ ಕಥೆಗೆ ಬರೋಣ. ಫ್ಲಿಂಟ್‌ನ ದೇವಾಲಯಗಳು ನೀರಿನ ಬಾಟಲಿ ಹಂಚುವ ಕೇಂದ್ರಗಳಾದವು. ಭಾನುವಾರ ಆರಾಧನೆ ಮುಗಿಸಿ ಹೊರಬಂದವರು ಕಾರುಗಳಿಗೆ ನೀರಿನ ಪೆಟ್ಟಿಗೆ ತುಂಬಿಸುತ್ತಿದ್ದರು, ವಯಸ್ಸಾದವರ ಮನೆಗೆ ಹೊತ್ತು ಕೊಡುತ್ತಿದ್ದರು. ಬಾಯಾರಿದವನಿಗೆ ಒಂದು ಬಟ್ಟಲು ತಣ್ಣೀರು ಕೊಡು ಎಂಬ ಯೇಸುಸ್ವಾಮಿಯ ಬೋಧನೆ ಅಲ್ಲಿ ಅಕ್ಷರಶಃ ನಡೆಯಿತು. ಇಷ್ಟಕ್ಕೇ ನಿಂತಿದ್ದರೆ ಅದನ್ನು ನಾವು ಒಳ್ಳೆಯ ಸೇವೆ ಎಂದು ಮೆಚ್ಚಿ ಮರೆಯುತ್ತಿದ್ದೆವು.

ಊರಿನ ಪಾಸ್ಟರುಗಳ ಒಂದು ಒಕ್ಕೂಟವಿತ್ತು, ಹೆಸರು ಕನ್ಸರ್ನ್ಡ್ ಪಾಸ್ಟರ್ಸ್ ಫಾರ್ ಸೋಶಿಯಲ್ ಆ್ಯಕ್ಷನ್. 2015ರಲ್ಲೇ ಮನೆಮನೆಗೆ ಫಿಲ್ಟರ್ ಹಂಚಿದವರು ಅವರು. 2016ರ ಜನವರಿಯಲ್ಲಿ ಊರಿನ ಒಬ್ಬ ತಾಯಿ, ಪರಿಸರ ಮತ್ತು ನಾಗರಿಕ ಹಕ್ಕುಗಳ ಸಂಸ್ಥೆಗಳ ಜೊತೆ ಸೇರಿ ಅವರು ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ದಾವೆಯಲ್ಲಿ ಮೊದಲ ಹೆಸರು ಪಾಸ್ಟರುಗಳದ್ದೇ. ಅದೇ ವರ್ಷದ ನವೆಂಬರ್‌ನಲ್ಲಿ, ಸರಿಯಾದ ಫಿಲ್ಟರ್ ಇಲ್ಲದ ಮನೆಗಳ ಬಾಗಿಲಿಗೇ ಬಾಟಲಿ ನೀರು ತಲುಪಿಸಬೇಕೆಂದು ನ್ಯಾಯಾಧೀಶರು ಆದೇಶಿಸಿದರು. 2017ರ ಮಾರ್ಚ್‌ನಲ್ಲಿ ರಾಜಿ ಒಪ್ಪಂದ ಆಯಿತು. ಸರ್ಕಾರಿ ಖರ್ಚಿನಲ್ಲಿ ಸುಮಾರು 18,000 ಮನೆಗಳ ಸೀಸದ ಮತ್ತು ಹಳೆಯ ಸತು ಲೇಪಿತ ಉಕ್ಕಿನ ಕೊಳವೆಗಳನ್ನು ತೆಗೆಯಬೇಕು, ಅದಕ್ಕೆ 9.7 ಕೋಟಿ ಡಾಲರ್ ವರೆಗೆ ಮೀಸಲು.

ಮೂರು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ ಎಳೆದಾಡಿತು. ಯಾವ ಮನೆಗೆ ಯಾವ ಕೊಳವೆ ಎಂಬ ವಿವರ ನಗರದ ಕಚೇರಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಹಳೆಯ ಚೀಟಿಗಳಲ್ಲಿತ್ತು. ಆ ಚೀಟಿಗಳನ್ನು ನಂಬುವಂತಿರಲಿಲ್ಲ. ಆದ್ದರಿಂದ ಮನೆಮನೆಯ ಮುಂದೆ ಗುಂಡಿ ತೋಡಿ ನೋಡಬೇಕಾಯಿತು. ಪಾಸ್ಟರುಗಳೂ ಅವರ ಜೊತೆಯವರೂ ಮತ್ತೆ ಮತ್ತೆ ನ್ಯಾಯಾಲಯಕ್ಕೆ ಹೋದರು. 2024ರ ಮಾರ್ಚ್‌ನಲ್ಲಿ ನಗರಾಡಳಿತ ನ್ಯಾಯಾಂಗ ನಿಂದನೆ ಮಾಡಿದೆ ಎಂಬ ತೀರ್ಪೂ ಬಂತು. ಕೊನೆಗೆ 2025ರ ಜುಲೈಯಲ್ಲಿ, ಸುಮಾರು 11,000 ಸೀಸದ ಕೊಳವೆಗಳನ್ನು ಕಿತ್ತು ಕೆಲಸ ಪೂರೈಸಿದ ವರದಿ ನ್ಯಾಯಾಲಯಕ್ಕೆ ಸಲ್ಲಿಕೆಯಾಯಿತು. ನೀರಿನ ಬಾಟಲಿ ಹಂಚಿದ ಕೈಗಳೇ ಒಂಬತ್ತು ವರ್ಷ ಈ ದಾವೆಯನ್ನು ಹಿಡಿದುಕೊಂಡಿದ್ದವು.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಆ ಎರಡನೆಯ ಹೆಜ್ಜೆ. ದಾನದಿಂದ ನ್ಯಾಯದ ಕಡೆಗೆ ಇಟ್ಟ ಹೆಜ್ಜೆ. ಕ್ರೈಸ್ತರಿಗೆಲ್ಲ ಬಾಯಿಪಾಠವಾಗಿರುವ ಒಳ್ಳೆಯ ಸಮಾರ್ಯನ ಸಾಮತಿಯನ್ನು ನೆನೆಯಿರಿ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದವನಿಗೆ ಸಮಾರ್ಯದವನು ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ, ಛತ್ರದ ಖರ್ಚು ಕೊಟ್ಟ. ಅಮೆರಿಕದ ಕಪ್ಪು ಜನರ ನಾಯಕ, ಸ್ವತಃ ಬ್ಯಾಪ್ಟಿಸ್ಟ್ ಪಾಸ್ಟರ್ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ 1967ರ ಒಂದು ಭಾಷಣದಲ್ಲಿ ಈ ಸಾಮತಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ದಾರಿಹೋಕರು ದಿನವೂ ಅಲ್ಲೇ ಪೆಟ್ಟು ತಿನ್ನುತ್ತಿದ್ದರೆ ಆ ದಾರಿಯನ್ನೇ ಸರಿಪಡಿಸಬೇಕು ಎಂಬುದು ಅವರ ವಾದದ ತಿರುಳು. ಫ್ಲಿಂಟ್‌ನ ಪಾಸ್ಟರುಗಳು ಮಾಡಿದ್ದು ಅದನ್ನೇ.

ಅವರಿಗೆ ಹಿಂದಿನ ಮೇಲ್ಪಂಕ್ತಿಯೂ ಇತ್ತು. 1982ರಲ್ಲಿ ಉತ್ತರ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಲ್ಲಿ, ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ಹೂಳಲು ಬಡ ಕಪ್ಪು ಜನರ ಹಳ್ಳಿಯೊಂದನ್ನು ಸರ್ಕಾರ ಆರಿಸಿತು. ಕೋಲಿ ಸ್ಪ್ರಿಂಗ್ಸ್ ಬ್ಯಾಪ್ಟಿಸ್ಟ್ ದೇವಾಲಯದಿಂದ ಹೊರಟ ಜನ ಪ್ರಾರ್ಥಿಸುತ್ತ, ಹಾಡುತ್ತ ಹೋಗಿ ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು. ಆರು ವಾರಗಳಲ್ಲಿ 500ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಮಣ್ಣು ಬಂದೇ ಬಂತು, ಹೂಳಿದ್ದೂ ಆಯಿತು. ಆದರೆ ಆ ಸೋಲಿನಿಂದಲೇ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಸಭೆ ದೇಶದ ವಿಷತ್ಯಾಜ್ಯದ ಗುಂಡಿಗಳೆಲ್ಲ ಯಾರ ಮನೆಯ ಪಕ್ಕದಲ್ಲಿವೆ ಎಂದು ಲೆಕ್ಕ ಹಾಕಲು ಹೊರಟಿತು. 1987ರಲ್ಲಿ ಅದು ಹೊರತಂದ ವರದಿ, ಅಂಥ ಜಾಗಗಳ ಆಯ್ಕೆಯಲ್ಲಿ ಆದಾಯಕ್ಕಿಂತಲೂ ಜನರ ಮೈಬಣ್ಣವೇ ಪ್ರಬಲವಾದ ಸುಳಿವು ಎಂದು ತೋರಿಸಿತು. ಪ್ರವಾದಿ ಯೆಹೆಜ್ಕೇಲನ 34ನೆಯ ಅಧ್ಯಾಯದಲ್ಲಿ ಕೊಬ್ಬಿದ ಕುರಿಗಳ ಮೇಲೆ ಒಂದು ಆಪಾದನೆ ಇದೆ. ತಿಳಿನೀರನ್ನು ತಾವು ಕುಡಿದು, ಮಿಕ್ಕದ್ದನ್ನು ಕಾಲಿನಿಂದ ಕದಡಿ ಉಳಿದ ಕುರಿಗಳಿಗೆ ಬಿಡುತ್ತವೆ ಎಂದು. ಸಭೆಯೊಂದು ಲೆಕ್ಕಪತ್ರ ಹಿಡಿದು ಅದೇ ಆಪಾದನೆಯನ್ನು ಈ ಕಾಲದ ಭಾಷೆಯಲ್ಲಿ ಮತ್ತೆ ಹೂಡಿತು.

ಇಷ್ಟು ದೂರದ ಕಥೆ ನಮಗೇಕೆ ಎನ್ನಬೇಡಿ. ಸೀಸದ ವಿಚಾರದಲ್ಲಿ ನಮ್ಮ ಬೆಂಗಳೂರಿಗೂ ಒಂದು ಅಧ್ಯಾಯವಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್, ಬೆಂಗಳೂರೂ ಸೇರಿ ದೇಶದ ಏಳು ನಗರಗಳಲ್ಲಿ ಜನರ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಅಂದಿನ ಅಪಾಯದ ಗೆರೆಯನ್ನು ದಾಟಿ ಸೀಸ ಇತ್ತು. ಈ ಕೆಲಸದ ವೈಜ್ಞಾನಿಕ ಬೆನ್ನೆಲುಬಾಗಿದ್ದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಆರಂಭಿಸಿದ ಆ ಸಂಸ್ಥೆಯಲ್ಲಿ ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ರೂಪುಗೊಂಡಿತು. 1999ರಲ್ಲಿ ಬೆಂಗಳೂರಿನಲ್ಲೇ ಈ ವಿಷಯದ ಮೇಲೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದಲ್ಲಿ, ದೇಶದ ಪೆಟ್ರೋಲ್ ಬಂಕುಗಳಿಂದ ಸೀಸ ಬೆರೆಸಿದ ಪೆಟ್ರೋಲು ಹೊರಹೋಯಿತು. ರೋಗಿಯನ್ನು ಹಾಸಿಗೆಯ ಮೇಲೆ ನೋಡುವ ಆಸ್ಪತ್ರೆ, ರೋಗ ಬಂದ ದಾರಿಯನ್ನೂ ಹುಡುಕಿದ್ದಕ್ಕೆ ಇದು ನಮ್ಮ ನೆಲದ ಉದಾಹರಣೆ.

ಸೀಸದ ಗುಣವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅದಕ್ಕೆ ನೀರಿನಲ್ಲಿ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಹೆಣ್ಣುಮಗಳ ಮೂಳೆಯಲ್ಲಿ ವರ್ಷಗಟ್ಟಲೆ ಕೂತ ಸೀಸ ಬಸುರಿನಲ್ಲಿ ಹೊರಬಿದ್ದು ಹೊಟ್ಟೆಯ ಕೂಸನ್ನು ಮುಟ್ಟುತ್ತದೆ. ಚಿಕ್ಕ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ಮಗುವಿನಲ್ಲಿ ಅದು ಇನ್ನೂ ಹೆಚ್ಚು. ಅಂದರೆ ಬಡ ಮನೆಯ ಮಗುವಿಗೆ ಎರಡು ಪೆಟ್ಟು. ಹಾನಿ ಆಗುವುದು ಬೆಳೆಯುವ ಮಿದುಳಿಗೆ, ಓದಿಗೆ, ಗಮನಕ್ಕೆ, ನಡತೆಗೆ. ಇಷ್ಟರ ಮಟ್ಟಿಗೆ ಇದ್ದರೆ ತೊಂದರೆಯಿಲ್ಲ ಎನ್ನಬಹುದಾದ ಗೆರೆಯೇ ಸೀಸಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಮನೆಗಳಿಗೆ ಅದು ಬರುವ ದಾರಿಗಳು ಹಲವು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು ಮರುವರ್ಷ ಜಾರಿಯಾಯಿತು. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ, ತೊಟ್ಟಿಲುಗಳ ಬಣ್ಣ ಸುಲಿಯುತ್ತಿದ್ದರೆ ಒಣಗಿದ ಹಾಗೆಯೇ ಉಜ್ಜಿ ಧೂಳೆಬ್ಬಿಸಬಾರದು. ಹಳೆಯ ಬ್ಯಾಟರಿಯನ್ನು ಹಿತ್ತಿಲಲ್ಲಿ ಒಡೆದು ಕರಗಿಸುವ ಕಸುಬು ಇಡೀ ಕೇರಿಯ ಮಣ್ಣನ್ನೇ ಕೆಡಿಸುತ್ತದೆ. ಆ ಕೆಲಸಕ್ಕೆ ಹೋದವರು ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು. ಹೊಳೆಯುವ ಹಳದಿಯ ಆಸೆಗೆ ಅರಿಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ಮೋಸ ನಮ್ಮ ಉಪಖಂಡದಲ್ಲಿ ಬಯಲಿಗೆ ಬಂದಿದೆ. ಕೆಲವು ಸುರ್ಮಾಗಳಲ್ಲಿ ಇರುವುದು ಸೀಸದ ಅದಿರೇ. ಕ್ರಿಸ್ಮಸ್ಸಿಗೆ ಅಟ್ಟದಿಂದ ಇಳಿಸುವ ಗೋದಲಿಯ ಹಳೆಯ ಬೊಂಬೆಗಳ ಬಣ್ಣ ಉದುರುತ್ತಿದ್ದರೆ ಅವನ್ನು ಮಕ್ಕಳ ಬಾಯಿಗೆ ಎಟುಕದಂತೆ ಇಡಿ. ಸಂದೇಹವಿದ್ದರೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಪ್ರಾರ್ಥನೆ ಮಾಡಿದ್ದೇವೆ, ಪರೀಕ್ಷೆ ಯಾಕೆ ಎನ್ನುವುದು ವಿಶ್ವಾಸದ ಮಾತಲ್ಲ. ಯಾಜಕಕಾಂಡದ ಕಟ್ಟಳೆಯಲ್ಲೇ ಯಾಜಕ ಏಳನೆಯ ದಿನ ಹಿಂದಿರುಗಿ ಬಂದು ಮತ್ತೊಮ್ಮೆ ಗೋಡೆ ನೋಡಿದನಲ್ಲವೇ?

ಸೀಸ ಒಂದು ನಿದರ್ಶನ ಅಷ್ಟೆ. ಕೋಲಾರ, ತುಮಕೂರು, ಚಿತ್ರದುರ್ಗ, ಗದಗದ ಕಡೆ ಆಳದ ಕೊಳವೆಬಾವಿಯ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಹಾಳು ಮಾಡಿದೆ. ಅದೂ ಕುದಿಸಿದರೆ ಹೋಗುವಂಥದ್ದಲ್ಲ. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎಷ್ಟೋ ಮನೆಗಳ ಬದುಕನ್ನು ಕುಗ್ಗಿಸಿತ್ತು. ಇಂಥ ಕಡೆ ತನ್ನ ಮನೆಗೆ ಫಿಲ್ಟರ್ ಹಾಕಿಸಿಕೊಂಡವನ ಮಕ್ಕಳು ಉಳಿಯಬಹುದು. ಪಕ್ಕದ ಮನೆಯ ಮಕ್ಕಳು? ಕುಟುಂಬವನ್ನು ಕಾಪಾಡುವುದು ಎಂಬ ಮಾತು ನಮ್ಮ ಕಾಂಪೌಂಡಿಗೆ ಮುಗಿದರೆ ಅದು ಒಳ್ಳೆಯ ಗೃಹಸ್ಥಿಕೆ ಎನಿಸಬಹುದು, ಸುವಾರ್ತೆ ಎನಿಸದು. ಯೇಸುಸ್ವಾಮಿ ಸಮಾರ್ಯನ ಸಾಮತಿ ಹೇಳಿದ್ದೇ ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ. 2015ರಲ್ಲಿ, ಫ್ಲಿಂಟ್‌ನ ತಾಯಂದಿರು ನೀರಿನ ಬಾಟಲಿ ಹಿಡಿದು ಅಲೆಯುತ್ತಿದ್ದ ಅದೇ ವರ್ಷ, ಕಥೋಲಿಕರ ಜಗದ್ಗುರು ಪೋಪ್ ಫ್ರಾನ್ಸಿಸರು ಹೊರಡಿಸಿದ ಲೌದಾತೊ ಸೀ ಎಂಬ ವಿಶ್ವಪತ್ರವೂ ಇದನ್ನೇ ಹೇಳಿತು. ಸುರಕ್ಷಿತ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು, ಅದನ್ನು ಬಡವರಿಗೆ ನಿರಾಕರಿಸುವುದು ಅವರ ಬದುಕುವ ಹಕ್ಕನ್ನೇ ನಿರಾಕರಿಸಿದಂತೆ ಎಂಬುದು ಅದರ ನಿಲುವು.

ಹಾಗಾದರೆ ಒಂದು ಸಾಮಾನ್ಯ ಸಭೆ, ಒಂದು ಧರ್ಮಕೇಂದ್ರ ಏನು ಮಾಡಬಹುದು? ಅದರ ಕೈಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಸಾಧನಗಳಿವೆ. ಯಾವ ಮನೆಯಲ್ಲಿ ಯಾವ ಕೂಸು ಹುಟ್ಟಿದೆ ಎಂಬ ದಾಖಲೆ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿದೆ. ವಾರವಾರ ನೂರಾರು ಜನ ಒಂದೆಡೆ ಸೇರುತ್ತಾರೆ. ಅವರಲ್ಲಿ ನರ್ಸುಗಳಿದ್ದಾರೆ, ಶಿಕ್ಷಕರಿದ್ದಾರೆ, ಪ್ಲಂಬರುಗಳಿದ್ದಾರೆ, ವಕೀಲರಿದ್ದಾರೆ. ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿಯಿಂದ ಕೇಳಿ ತಂದು ಪ್ರಕಟಣೆಯ ಹೊತ್ತಿಗೆ ಓದಿ ಹೇಳಬಹುದು. ವರದಿ ಸರಿಯಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಹಾಗೆ ಕೇಳುವಾಗ ಮಸೀದಿಯವರನ್ನೂ ದೇವಸ್ಥಾನ ಸಮಿತಿಯವರನ್ನೂ ಜೊತೆಗೆ ಕರೆದೊಯ್ಯಬೇಕು, ಯಾಕೆಂದರೆ ನೀರಿನ ಟ್ಯಾಂಕು ಎಲ್ಲರಿಗೂ ಒಂದೇ. ಉತ್ತರ ಬರದಿದ್ದರೆ, ಫ್ಲಿಂಟ್‌ನ ಪಾಸ್ಟರುಗಳ ಹಾಗೆ, ಬರುವವರೆಗೂ ಕೇಳುತ್ತಿರಬೇಕು.

ಹಲವು ಸಭೆಗಳಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವ ದಿನ ತಂದೆತಾಯಿಯರ ಜೊತೆ ಇಡೀ ಸಭೆಯೂ ಎದ್ದು ನಿಂತು ಮಾತು ಕೊಡುತ್ತದೆ, ಈ ಮಗುವಿನ ಪೋಷಣೆಯಲ್ಲಿ ನಾವೂ ಪಾಲುಗಾರರು ಎಂದು. ಆ ಮಾತು ಭಾನುವಾರದ ಪಾಠಶಾಲೆಗೆ ಮಾತ್ರ ಸೀಮಿತ ಎಂದು ಯಾರೂ ಹೇಳಿಲ್ಲ. ಆ ಮಗು ಉಸಿರಾಡುವ ಹೊಗೆ, ಬಾಯಿಗೆ ಹಾಕಿಕೊಳ್ಳುವ ಬಣ್ಣದ ಚೂರು, ನಲ್ಲಿಯಿಂದ ಹಿಡಿದು ಕುಡಿಯುವ ನೀರು, ಇವೆಲ್ಲವೂ ಆ ಮಾತಿನ ಒಳಗೇ ಬರುತ್ತವೆ. ಕೊಟ್ಟ ಮಾತಿಗೆ ಸಭೆ ಹೊಣೆ.